ಪಡಸಾಲೆಯ ದೊಡ್ಡ ದನಿ

ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿರಬೇಕು, ಆ ಜಾಗ ಸಾಧ್ಯವಾದರೆ ಬೇರೆ ಕೋಣೆಯಲ್ಲಿರಬೇಕು ಎಂಬುದು ನನ್ನ ನಂಬಿಕೆ. ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು ನಾನು. ಸಾಲು ತಪ್ಪಿದ್ದು ಕಂಡರೆ ಕೈ ಇಂದಿಗೂ ಕೊರಳಲ್ಲಿ ಸೀಟಿ ಹುಡುಕುತ್ತದೆ. ಹೀಗಾಗಿ ಕುಷ್ಟಗಿಯ ನಮ್ಮ ಪಡಸಾಲೆಯಲ್ಲಿ ಎರಡು ಕುರ್ಚಿ, ಒಂದು ಗಡಿಯಾರ ಬಿಟ್ಟರೆ ಇದ್ದದ್ದು ನುಣ್ಣನೆಯ ಕಲ್ಲಿನ ನೆಲ ಮತ್ತು ನನ್ನ ದನಿ. ಅಲ್ಲಿ ನಿಂತು "ಚಹಾ!" ಎಂದರೆ ನಾಲ್ಕೂ ಗೋಡೆಗಳು ಅನುಮೋದಿಸುತ್ತಿದ್ದವು.

ಅಂಥ ಪಡಸಾಲೆಗೆ ಸ್ಪೀಕರ್ ಜೋಡಿ ತಂದೆ. ಕಾರಣ, ನೆರೆಮನೆಯ ಬಟ್ಟೆ ವ್ಯಾಪಾರಿ ಖಾದರಸಾಬರು. ಬಟ್ಟೆಯ ಥಾನುಗಳು ಸೂರಿನವರೆಗೆ ತುಂಬಿದ ಅವರ ಕೋಣೆಯಲ್ಲಿ ಅಂಗೈಯಗಲದ ಹಳೆಯ ಸ್ಪೀಕರುಗಳು ಹಾಡಿದರೆ, ಹಾಡುವವರು ಎದುರಿಗೇ ಕೂತಂತಿರುತ್ತದೆ. ನನ್ನವು ಅವಕ್ಕಿಂತ ಬಹಳ ದೊಡ್ಡವು. ಗೋಡೆಯ ಗೂಡಿನಲ್ಲಿ ಒಂದಕ್ಕೊಂದು ಒತ್ತಿ ಶಿಸ್ತಾಗಿ ನಿಲ್ಲಿಸಿ, ಅವರನ್ನು ಕರೆದೆ. ತುಸು ಕೇಳಿದವರೇ, "ಮಾಸ್ತರ್ರ, ಹಾಡಾಕಿ ಬಾವ್ಯಾಗ ಬಿದ್ದಾಳೇನ್ರಿ?" ಎಂದರು.

ಮರುದಿನದಿಂದ ಕವಾಯತು ಶುರು. ಸ್ಪೀಕರುಗಳನ್ನು ಗೂಡಿನಿಂದ ಇಳಿಸಿ, ಕಿವಿಯ ಮಟ್ಟದ ಸ್ಟೂಲುಗಳ ಮೇಲಿಟ್ಟು, ಗೋಡೆಯಿಂದ ಮುಂದಕ್ಕೆಳೆದು ದೂರ ದೂರ ನಿಲ್ಲಿಸಿದೆ. ಎರಡರ ಮೋರೆಯನ್ನೂ ಕುರ್ಚಿಯತ್ತ ತಿರುಗಿಸಿದೆ. ಹಾಡಾಕಿ ಮೇಲೆ ಬರಲಿಲ್ಲ, ಬಾವಿ ಮಾತ್ರ ಅಗಲವಾಯಿತು. ಸದ್ದು ಏರಿಸಿದರೆ ಸ್ವರದ ಮೇಲೆ ಸ್ವರ ಬಿದ್ದು ಸಂತೆಯಾಯಿತು. ಖಾದರಸಾಬರು ರವಿವಾರ ಮತ್ತೆ ಬರುವವರಿದ್ದರು. ಈ ಸಲವೂ ಬಾವಿಯೇ ಕೇಳಿಸಿದರೆ ಓಣಿಯಲ್ಲಿ ನನ್ನ ಮಾತಿಗೆ ಏನು ಬೆಲೆ?

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿಗಳು ನಮ್ಮಲ್ಲಿ ರಾಶಿ ಇವೆ. ನನ್ನ ಆಜ್ಞೆಯಂತೆ ಅವುಗಳ ವಾಸ ಟ್ರಂಕಿನಲ್ಲಿ. ಆ ದಿನ ಬಿಸಿಲಿಗೆ ಹಾಕಿದ್ದವನ್ನೆಲ್ಲ ನನ್ನ ಹೆಂಡತಿ ಶಾಂತವ್ವ ಬಾಚಿ ತಂದು, ಪಡಸಾಲೆಯಲ್ಲಿ ಗೋಡೆಗುಂಟ ಹಗ್ಗ ಕಟ್ಟಿ ಹರವಿದಳು. ಉಳಿದವನ್ನು ನೆಲಕ್ಕೆ ಹಾಸಿದಳು.

"ಇದೇನಿದು ಅಸಡ್ಡಾಳ?" ಎನ್ನಲೆಂದು, ನಡೆದೇ ಇದ್ದ ಹಾಡಿನ ಸದ್ದು ಇಳಿಸಹೋದೆ. ಹಾಡಾಕಿ ಬಾವಿಯಿಂದ ಎದ್ದು ಬಂದು, ಗೋಡೆಗಳನ್ನೇ ಹಿಂದಕ್ಕೆ ಸರಿಸಿ, ಕೋಣೆಯ ತುಂಬ ನಿಂತಿದ್ದಳು.

ರವಿವಾರ ಖಾದರಸಾಬರು ಕಣ್ಣು ಮುಚ್ಚಿ ಕೇಳಿ, "ಭಾಳ ಛಲೋ ಆತ್ರಿ. ಆದ್ರ ಕೌದಿ ಮಾತ್ರ ತೆಗಿಬ್ಯಾಡ್ರಿ ಮತ್ತ" ಎಂದರು. ಗೆದ್ದ ಗತ್ತಿನಲ್ಲಿ ನಾನು "ಚಹಾ!" ಎಂದೆ. ದನಿ ಹೊರಟು, ಯಾವುದೋ ಹಳೆಯ ಸೀರೆಯ ಮಡಿಕೆಯಲ್ಲಿ ಮಲಗಿತು. ಮತ್ತೊಮ್ಮೆ ಎಂದೆ.

"ಏನಂದ್ರಿ?" ಒಳಗಿನಿಂದ ಶಾಂತವ್ವ ಕೇಳಿದಳು. "ಇಷ್ಟ ಸಣ್ಣ ದನೀಲೆ ಅಂದ್ರ ಹ್ಯಾಂಗ ಕೇಳಸ್ತೈತ್ರಿ?"

ಇಷ್ಟು ವರ್ಷ ನನ್ನದೆಂದುಕೊಂಡದ್ದು ಗೋಡೆಗಳ ದನಿಯಾಗಿತ್ತು. ಈಗ ಚಹಾ ಬೇಕಾದರೆ ಎದ್ದು ಅಡುಗೆಮನೆಗೇ ಹೋಗುತ್ತೇನೆ. ಚಹಾಪುಡಿಯ ಡಬ್ಬಿಯ ಜಾಗ ಯಾವುದೆಂದು ಶಾಂತವ್ವ ತೋರಿಸಿಕೊಟ್ಟಿದ್ದಾಳೆ. ಪ್ರತಿಯೊಂದು ವಸ್ತುವಿಗೂ ಒಂದು ಜಾಗವಿರಬೇಕಲ್ಲ.