ಹಂಡೆ ನೋಡಿ ಕೊಂಡ ಮನೆ

ಮನೆ ಕೊಳ್ಳಲು ಹೋದವರು ಅಡುಗೆಮನೆ ನೋಡುತ್ತಾರೆ, ಮಕ್ಕಳ ಶಾಲೆ ಎಷ್ಟು ದೂರ ಎಂದು ಕೇಳುತ್ತಾರೆ. ನಮ್ಮ ಮನೆಯವರು ಹಂಡೆ ನೋಡಿ ಮನೆ ಕೊಂಡರು. ಡಲ್ಲಾಸಿನಲ್ಲಿ ಇಂಥ ಗಂಡಸು ಇನ್ನೊಬ್ಬರಿದ್ದಿದ್ದರೆ ಅವರ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿಯಾದರೂ ನಾನು ಹಗುರಾಗುತ್ತಿದ್ದೆ.

ಅದು ಅರವತ್ತರ ದಶಕದ ಕೊನೆ. ಮನೆ ತೋರಿಸಲು ಬಂದ ಹೆಂಗಸು ಕಪಾಟುಗಳನ್ನು ಹೊಗಳಿದಳು, ಹಿತ್ತಲಿನ ಪೀಕನ್ ಮರವನ್ನು ಹೊಗಳಿದಳು. ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯ ಬಾಗಿಲನ್ನು ಮಾತ್ರ ಅರೆ ತೆರೆದು, ತಪ್ಪೊಪ್ಪಿಕೊಳ್ಳುವವಳ ಹಾಗೆ, "ಇಲ್ಲೊಂದು ಹಳೆ ಬಾಯ್ಲರ್ ಇದೆ, ತೆಗೆಸಿಬಿಡಬಹುದು" ಎಂದಳು. ಇವರು ಒಳಗೆ ಹೋದವರು ಕಾಲು ಗಂಟೆ ಹೊರಗೆ ಬರಲಿಲ್ಲ. ಬಂದಾಗ ತೋಳೆಲ್ಲ ಮಸಿ, ಮುಖದಲ್ಲಿ ಮದುಮಗನ ಕಳೆ. (ನಮ್ಮ ಮದುವೆಯ ದಿನ ಆ ಕಳೆ ಇತ್ತೇ? ನನಗಂತೂ ನೆನಪಿಲ್ಲ.)

"ಥೇಟ್ ನಮ್ಮ ಮೈಸೂರು ಮನೆ ಬಚ್ಚಲಿನ ಹಂಡೆ ಕಣೇ!"

"ಅಡುಗೆಮನೇಲಿ ಒಂದೇ ಒಂದು ಕಿಟಕಿ, ನೋಡಿದ್ರಾ?"

"ಅಡುಗೆಮನೇನೂ ಇದೆಯಾ?"

ಬಾಯ್ಲರ್ ಎಂದರೇನೆಂದು ತಿಳಿದುಕೊಳ್ಳದೆ ನಮ್ಮ ಮನೆಯಲ್ಲಿ ಯಾರಿಗೂ ಕಾಫಿ ಸಿಕ್ಕಿದ್ದಿಲ್ಲ. ಹ್ಯೂಸ್ಟನ್ನಿನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದ ಕನ್ನಡದವರೇ ಆದ ಡಾಕ್ಟರೊಬ್ಬರನ್ನು ಶೂ ಬಿಚ್ಚುವ ಮೊದಲೇ ಆ ಕೋಣೆಗೆ ಕರೆದುಕೊಂಡು ಹೋದರು.

"ನೋಡಿ ಡಾಕ್ಟ್ರೇ, ಕೆಳಗೆ ಗ್ಯಾಸ್ ಉರಿ. ನೀರು ಕಾಯುತ್ತೆ, ಕೊಳವೇಲಿ ಹತ್ತುತ್ತೆ, ಒಂದೊಂದು ರೂಮಿನ ರೇಡಿಯೇಟರಿಗೂ ಹೋಗಿ ಬಿಸಿ ಕೊಟ್ಟು, ಆರಿಕೊಂಡು ಇಲ್ಲಿಗೇ ವಾಪಸ್ ಬರುತ್ತೆ. ಅದೇ ನೀರು, ಮತ್ತೆ ಮತ್ತೆ. ಪಕ್ಕದ ಮನೆಯವರದು ಬಿಸಿಗಾಳಿ. ಅದು ಬೈಗುಳ ಇದ್ದ ಹಾಗೆ, ಬುಸ್ ಅಂತ ಬಂತು, ಹೋಯ್ತು. ನಮ್ಮದು ಹಾಗಲ್ಲ. ಉರಿ ಆರಿಸಿದ್ಮೇಲೂ ಕಬ್ಬಿಣದಲ್ಲಿ ಬಿಸಿ ಉಳಿದಿರುತ್ತೆ."

"ಎಲ್ಲಾ ಸರಿ ಸಾರ್. ಆದರೆ ಈ ಊರಲ್ಲಿ ಚಳಿ ಇರೋದೇ ಎರಡು ತಿಂಗಳಲ್ವಾ?"

"ಪಾಪ, ಅದಕ್ಕೂ ರಜ ಬೇಡವೇ?"

ಎರಡು ತಿಂಗಳ ಚಳಿಗೆ ಇಷ್ಟು ಆಡಂಬರ ಯಾಕೆಂದು ನಾನೂ ಗೊಣಗುತ್ತಿದ್ದೆ. ಆದರೆ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಗುಟ್ಟಾಗಿ ರೇಡಿಯೇಟರಿನ ಪಕ್ಕ ಇಡುತ್ತಿದ್ದವಳೂ ನಾನೇ. ಒಂದು ದಿನ ಸಿಕ್ಕಿಬಿದ್ದೆ. ಇವರು ಊಟಕ್ಕೆ ಕೂತು, ನಾನು ಮೊಸರು ಬಡಿಸುವಾಗ ಬಾಯ್ಲರ್ ಕೋಣೆಯ ಕಡೆ ತಿರುಗಿ ಕೈಮುಗಿದರು.

ಮೊದಲ ವರ್ಷ ನೀರು ತುಂಬುವ ಹಬ್ಬ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ಖಾಲಿ ಮಾಡಿ, ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವು ಕಟ್ಟಿ ಹೊಸ ನೀರು ತುಂಬುವುದು ನಮ್ಮಲ್ಲಿ ವಾಡಿಕೆ. ಇವರು ಓದಿದ ಇಂಜಿನಿಯರು, ಸೇತುವೆ ಕಟ್ಟುವವರು. ಆದರೂ ಬಾಯ್ಲರಿನ ನೀರನ್ನೆಲ್ಲ ಹಿತ್ತಲಿಗೆ ಬಿಟ್ಟರು! ಪೀಕನ್ ಮರದ ಬುಡಕ್ಕೆ ಕಪ್ಪು ನೀರು ಹರಿಯಿತು. ಹೊಸ ನೀರು ತುಂಬಿ, ಪಟ್ಟೆ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಮಾರನೆಯ ದಿನ ಕೊಳವೆಗಳಲ್ಲೆಲ್ಲ ಗಾಳಿ ತುಂಬಿ ರೇಡಿಯೇಟರುಗಳು ಗುಳುಗುಳು ಎಂದವು, ಮಹಡಿಯ ಕೋಣೆಗಳು ತಣ್ಣಗಾದವು.

ರಿಪೇರಿಯ ಮುದುಕ ಬಂದು ಬಾಯ್ಲರನ್ನು ಮೇಲಿಂದ ಕೆಳಗೆ ನೋಡಿದ. "ಇದಕ್ಕೆ ಯಾರ ಜೊತೆ ಮದುವೆ?" ಎಂದು ಕೇಳಿದ. ಆಮೇಲೆ ಹೇಳಿದ: ಇದರ ನೀರನ್ನು ವರ್ಷ ವರ್ಷ ಬದಲಾಯಿಸಬಾರದು. ಹೊಸ ನೀರಿನಿಂದ ತುಕ್ಕು. ಹಳೆಯ ನೀರೇ ಇದಕ್ಕೆ ಒಳ್ಳೆಯದು.

ಇವರ ಮುಖ ಸಪ್ಪೆಯಾಯಿತು. ಹಬ್ಬ ಬಿಡುವ ಹಾಗಿಲ್ಲ, ನೀರು ಬಿಡುವ ಹಾಗೂ ಇಲ್ಲ. ಕೊನೆಗೆ ದಾರಿ ತೋರಿಸಿದವನೂ ಆ ಮುದುಕನೇ. ಕಾದು ಉಬ್ಬಿದ ನೀರಿಗೆ ಜಾಗವಿರಲೆಂದು ಅಟ್ಟದಲ್ಲೊಂದು ಪುಟ್ಟ ತೊಟ್ಟಿಯಿತ್ತು. ಆವಿಯಾಗಿ ಕಡಿಮೆಯಾದಷ್ಟನ್ನು ಅಲ್ಲಿ ಸುರಿಯಬಹುದಂತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಇವರು ಮಡಿಪಂಚೆ ಉಟ್ಟು, ಹಿತ್ತಾಳೆ ಚೊಂಬು ಹಿಡಿದು ಅಟ್ಟ ಹತ್ತುತ್ತಿದ್ದರು. ಏಣಿ ಹಿಡಿಯುವುದು ನನ್ನ ಪಾಲಿಗೆ.

"ಬಿದ್ರೆ ಏನ್ರೀ ಗತಿ?"

"ನೀನು ಕೆಳಗಿದ್ದೀಯಲ್ಲ, ಮೆತ್ತಗಿರುತ್ತೆ."

ಆಮೇಲೆ ಕೈಯಲ್ಲೊಂದು ಸಣ್ಣ ಕೀಲಿ ಹಿಡಿದು ಕೋಣೆ ಕೋಣೆಗೂ ಹೋಗಿ, ತಿರುಪು ಸಡಿಲಿಸಿ ರೇಡಿಯೇಟರುಗಳ ಗಾಳಿ ತೆಗೆಯುವರು. "ಏನಪ್ಪ ಹೊಟ್ಟೆನೋವು?" ಎಂದು ಒಂದೊಂದನ್ನೂ ಮಾತಾಡಿಸುವರು. ಅದು ಗುಳುಗುಳು ಎಂದರೆ ಇವರು ಹೂಂಗುಟ್ಟುವರು. ನಾನು ಕರೆದರೆ ಹೂಂಗುಟ್ಟದ ಮನುಷ್ಯ!

ಮನೆ ಕೊಂಡು ಹತ್ತು ವರ್ಷ ತುಂಬಿದ ಈ ಮಾರ್ಚಿನಲ್ಲಿ ಒಂದು ಸಂಜೆ, ಕಛೇರಿಯಿಂದ ಬಂದು ಕೋಟು ಬಿಚ್ಚುವ ಮೊದಲೇ, ಇವರು ಹೋಗಿಬಿಟ್ಟರು.

ಬಾಯ್ಲರಿನ ಬಿಡಿಭಾಗಗಳು ಈಗ ಸಿಗುವುದಿಲ್ಲ, ಬಿಸಿಗಾಳಿ ಯಂತ್ರ ಹಾಕಿಸಿಬಿಡಿ ಎಂದು ಅದೇ ರಿಪೇರಿಯ ಮುದುಕ ಹೇಳಿದ. ಆಗಲಿ ಎಂದೆ. ಅಕ್ಟೋಬರಿನಲ್ಲಿ ರಬ್ಬರ್ ಕೊಳವೆ ಹೊತ್ತುಕೊಂಡು ಬಂದ. ಮೊದಲು ಒಳಗಿನ ನೀರನ್ನೆಲ್ಲ ಹಿತ್ತಲಿಗೆ ಬಿಡಬೇಕು ಎಂದ.

ನಾನು ಬಾಗಿಲಿಗೆ ಅಡ್ಡ ನಿಂತೆ. ಯಾಕೆ ನಿಂತೆ ಎಂದು ನಿಂತ ಮೇಲೆ ಹೊಳೆಯಿತು. ನನ್ನ ಹರಕು ಇಂಗ್ಲಿಷಿನಲ್ಲಿ, "ಈ ನೀರು ಅವರು ತುಂಬಿದ್ದು" ಎಂದೆ. ಅವನು ಬಾಯ್ಲರಿನ ಮೇಲೆ ಮಾಸಿ ಉಳಿದಿದ್ದ ಕೆಮ್ಮಣ್ಣಿನ ಪಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, ಕೊಳವೆ ಸುತ್ತಿಕೊಂಡ. "ಬಿಡಿಭಾಗ ಎಲ್ಲಾದರೂ ಹುಡುಕುತ್ತೇನೆ" ಎಂದ.

ಸಾವಾದ ವರ್ಷ ಮನೆಯಲ್ಲಿ ಹಬ್ಬ ಮಾಡುವಂತಿಲ್ಲ. ನೀರು ತುಂಬುವ ಸಂಜೆ ಹಾರ ಕಟ್ಟಲಿಲ್ಲ, ಪಟ್ಟೆ ಬಳಿಯಲಿಲ್ಲ. ಒಂದು ಚೊಂಬು ನೀರಿಗೆ ಯಾವ ಶಾಸ್ತ್ರ ಅಡ್ಡ ಬರುತ್ತದೆ? ಸೀರೆ ಎತ್ತಿಕಟ್ಟಿ ಏಣಿ ಹತ್ತಿದೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕೆಳಗೆ ಏಣಿ ಹಿಡಿದು, "ಮೆಲ್ಲಗೆ ಅಮ್ಮ, ನಾನಿದ್ದೀನಿ" ಎಂದಳು.

ಇಳಿದು ಬಂದು ಉರಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ನಮ್ಮ ಕೋಣೆಯ ರೇಡಿಯೇಟರು ಬಿಸಿಯಾಗತೊಡಗಿ ಗುಳುಗುಳು ಎಂದಿತು. ಮಗಳು ಗೂಡಿನಲ್ಲಿದ್ದ ಗಾಳಿ ತೆಗೆಯುವ ಕೀಲಿ ತಂದುಕೊಟ್ಟಳು. ಈಗ ಬೇಡ ಎಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ರೇಡಿಯೇಟರಿನ ಪಕ್ಕ ನೆಲದ ಮೇಲೆ ಕೂತೆ. ಅದು ಗುಳುಗುಳು ಎಂದಾಗಲೆಲ್ಲ ಹೂಂಗುಟ್ಟಿದೆ.