ಎಣ್ಣೆ ಬೆರೆಸುವ ಚಿಕ್ಕಪ್ಪ

ಪೆಟ್ರೋಲ್ ಬೆಲೆ ಏರಿದ ದಿನ ಚಿನಕುರಳಿಯಲ್ಲಿ ಮೀಸೆಯಡಿ ನಗುವ ಮನುಷ್ಯ ಯಾರಾದರೂ ಇದ್ದರೆ, ಅದು ನನ್ನ ಚಿಕ್ಕಪ್ಪ! ಬಂಕ್ ಅವರದೇನಲ್ಲ. ಗಲ್ಫ್‌ನ ಬಂದರೊಂದರಲ್ಲಿ ಕಚ್ಚಾ ಎಣ್ಣೆ ಬೆರೆಸುವ ಕೆಲಸ ಮಾಡಿ ಬಂದವರು. ಎಣ್ಣೆಗೆ ಬೆಲೆ ಬಂದರೆ ಸ್ವಂತ ಮಗ ಪಾಸಾದಷ್ಟು ಹೆಮ್ಮೆ.

ಟೀ ಅಂಗಡಿಯಲ್ಲಿ ಕೂತರೆ ಪಾಠ ಶುರು. "ಮಂದ ಎಣ್ಣೆಗೆ ಒಳ್ಳೇ ರೇಟಿಲ್ಲ ಕಣ್ಲಾ. ತಿಳಿ ಎಣ್ಣೆ ಬೆರೆಸ್ಬೇಕು. ಜಾಸ್ತಿ ಬಿದ್ರೆ ದುಬಾರಿ ಎಣ್ಣೆ ದಂಡ, ಕಮ್ಮಿ ಬಿದ್ರೆ ಕೊಳ್ಳೋನು ಬೆಲೆ ಇಳಿಸ್ತಾನೆ. ಆ ದೇಶದ ಆದಾಯವೆಲ್ಲ ಈ ಬೆರೆಸೋ ಅದದ ಮ್ಯಾಲೆ ನಿಂತದೆ!"

ಹಸು ಸಾಕುವ ಅವರ ಗೆಳೆಯರೊಬ್ಬರಿಗೆ ತಡೆಯಲಾಗಲಿಲ್ಲ. "ಅಲ್ಲಲೇ, ನಾನು ಆಲಿಗೆ ಒಂದು ಲೋಟ ನೀರು ಬೆರೆಸಿದ್ರೆ ಡೈರಿಯೋರು ಕ್ಯಾನು ವಾಪಸ್ ಕಳಿಸ್ತಾರೆ. ನೀನು ಬೆರೆಸಿದ್ರೆ ಸಂಬ್ಳ ಕೊಟ್ರಾ?"

ಇಂಥ ಹದಗಾರ ಊರಿಗೆ ಬಂದದ್ದೇಕೆ? ಎಣ್ಣೆ ದೇಶಗಳೆಲ್ಲ ಕೂಡಿ ರಫ್ತಿಗೆ ಕಡಿವಾಣ ಹಾಕಿದವು. ಕಡಿಮೆ ಮಾರಿದರೆ ಬೆಲೆ ಏರುತ್ತದಂತೆ! ಬೆಲೆ ಏರುವ ಮೊದಲೇ ಹಡಗುಗಳು ಕಡಿಮೆಯಾದವು, ಕಂಪನಿಯ ವರಮಾನ ಇಳಿಯಿತು, ಚಿಕ್ಕಪ್ಪ ಮನೆಗೆ ಬಂದರು.

ಬಂದವರು ಸುಮ್ಮನಿದ್ದರೇ? ಅದೇ ವಿದ್ಯೆಯನ್ನು ನಮ್ಮ ಟೊಮೆಟೊ ಮೇಲೆ ಪ್ರಯೋಗಿಸಿದರು! "ಮಾರ್ಕೆಟ್ಟಿಗೆ ಬುಡಬ್ಯಾಡಿ, ರೇಟು ಏರ್ಲಿ" ಎಂದು ಕ್ರೇಟುಗಳನ್ನು ಪಡಸಾಲೆಯಲ್ಲಿ ಪೇರಿಸಿಟ್ಟರು. ಈ ಕಡಿವಾಣದ ಸುದ್ದಿಯನ್ನು ಹತ್ತಿರದ ಬೂಕನಕೆರೆಯವರಿಗೆ ಯಾರು ಹೇಳಬೇಕು? ಅವರು ಲೋಡುಗಟ್ಟಲೆ ಮಾರಿ ಹೋದರು. ನಾವು ಟೊಮೆಟೊ ಗೊಜ್ಜು, ಟೊಮೆಟೊ ಸಾರು, ಟೊಮೆಟೊ ಬಾತು ತಿಂದೆವು.

"ನಾನೊಬ್ನೇ ತಡೆದ್ರೆ ಆಗಕ್ಕಿಲ್ಲ, ಎಲ್ರೂ ತಡೀಬೇಕು" ಎಂದರು ಚಿಕ್ಕಪ್ಪ.

"ಮೊದ್ಲು ನಿಮ್ಮನ್ನ ತಡೀಬೇಕು" ಎಂದರು ಚಿಕ್ಕಮ್ಮ.

ಮೊನ್ನೆ ರಫ್ತಿನ ಕಡಿವಾಣ ಸಡಿಲವಾಯಿತು. ಕಂಪನಿಯಿಂದ ಫೋನ್ ಬಂತು. ಚಿಕ್ಕಪ್ಪ ಕುಣಿಯುವುದೊಂದು ಬಾಕಿ! ಚಿಕ್ಕಮ್ಮ ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿದರು. ಹೊರಡುವ ದಿನ ಚಿಕ್ಕಪ್ಪನನ್ನು ಪಾಂಡವಪುರದಲ್ಲಿ ಬಸ್ಸಿಗೆ ಹತ್ತಿಸಲು ನಾನು ಬೈಕ್ ತಂದೆ. ಚಿಕ್ಕಪ್ಪ ಸೂಟ್‌ಕೇಸ್ ತಬ್ಬಿಕೊಂಡು ಹಿಂದೆ ಕೂತರು.

ಚಿಕ್ಕಮ್ಮ ಬಾಗಿಲಿಂದ ಇಳಿದು ನನ್ನ ಹತ್ತಿರ ಬಂದರು. ಗಂಡನ ಕಡೆ ನೋಡಲಿಲ್ಲ. ಮೆಲ್ಲಗೆ ಕೇಳಿದರು: "ಮಗಾ, ಆ ದೇಶದೋರು ಇನ್ನೊಂದ್ಸಲ ಎಣ್ಣೆ ತಡೆಯೋದು ಯಾವಾಗಪ್ಪಾ?"

ಬೆನ್ನ ಹಿಂದೆ ಸೀಟು ಹಗುರವಾಯಿತು. ಚಿಕ್ಕಪ್ಪ ಇಳಿದಿದ್ದರು.

ಸೂಟ್‌ಕೇಸನ್ನು ಒಳಗಿಟ್ಟು ಬಂದು, ಜಗಲಿಯ ಮೇಲೆ ಕೂತು, ಚಿಕ್ಕಮ್ಮನಿಗೆ ಪಕ್ಕದಲ್ಲಿ ಜಾಗ ತೋರಿಸಿದರು.

"ಅವ್ರು ತಡೆದ್ರೂ ಅಷ್ಟೇ, ಬುಟ್ರೂ ಅಷ್ಟೇ ಕಣಮ್ಮಿ" ಎಂದರು. "ನಾನು ಎಲ್ಲೂ ಓಗಕ್ಕಿಲ್ಲ."