ಇಪ್ಪತ್ತು ಕಿಲೋ ಚೀಲ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಚೀಲ. ಅದರಲ್ಲಿ ಬಾಂಬಿರಲಿಲ್ಲ, ಬಂಗಾರವೂ ಇರಲಿಲ್ಲ. ಅಕ್ಕಿ ತುಂಬುವ ಬಟ್ಟೆಯ ಚೀಲ, ಅಷ್ಟೇ.

ಅದನ್ನು ಹೊಲಿದವನು ಆ ಬೀದಿಯ ಟೈಲರ್. ಕೊರಳಿಗೆ ಹಾಕಿಕೊಂಡ ಟೇಪನ್ನು ಮಲಗುವಾಗಲೂ ತೆಗೆಯದ ಮನುಷ್ಯ. ಬಹಳ ವರ್ಷಗಳ ಹಿಂದೆ ಸರ್ಕಾರ ಮನೆಗೆ ಇಪ್ಪತ್ತು ಕಿಲೋ ಅಕ್ಕಿ ಕೊಡಲು ಶುರುಮಾಡಿದಾಗ, ಮೊದಲ ತಿಂಗಳ ಅಕ್ಕಿಯನ್ನು ಚಾದರದಲ್ಲಿ ಹೊತ್ತು ತಂದು, ನಡುಮನೆಯಲ್ಲಿ ರಾಶಿ ಹಾಕಿ, ಮದುಮಗನಿಗೆ ಕೋಟು ಹೊಲಿದ ಹಾಗೆ ಅದರ ಅಳತೆಗೆ ಒಂದು ಚೀಲ ಹೊಲಿದ. ಬಾಯಿ ಕಟ್ಟಲು ನಾಲ್ಕು ಬೆರಳು ಜಾಗ ಬಿಟ್ಟ. ತುಂಬಿ ದಾರ ಎಳೆದರೆ ಒಂದು ಹಿಡಿ ಹೆಚ್ಚಿಗೆ ಹಿಡಿಯುತ್ತಿರಲಿಲ್ಲ. ಒಂದು ಹಿಡಿ ಕಡಿಮೆಯಾದರೆ ಚೀಲ ಮುಖ ಸಪ್ಪಗೆ ಮಾಡಿಕೊಳ್ಳುತ್ತಿತ್ತು.

ಬೀದಿಯವರು ಮೆಚ್ಚಿದರು. ತಂತಮ್ಮ ಬಟ್ಟೆ ತಂದುಕೊಟ್ಟು ಅದೇ ಅಳತೆಯ ಚೀಲ ಹೊಲಿಸಿಕೊಂಡರು. ಆಮೇಲೆ ರೇಷನ್ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೋಡುವವರೇ ಇಲ್ಲ. ಚೀಲ ತುಂಬಿತೋ, ತೂಕ ಸರಿ.

"ಟೈಲರಣ್ಣನ ಚೀಲ ಇರೋವಾಗ ತಕ್ಕಡಿ ಯಾಕ್ರೀ?" ಎಂದು ರೇಷನ್ ಅಂಗಡಿಯವನೇ ಹೇಳುತ್ತಿದ್ದ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಹುಟ್ಟಿದ ಆಸಾಮಿ. ಟೈಲರ್ ಬಂದರೆ ಕುರ್ಚಿ ಎಳೆದು ಟೀ ತರಿಸುತ್ತಿದ್ದ. ತನ್ನ ಮೇಲೆ ಇವನಿಗೆ ಯಾಕಿಷ್ಟು ಪ್ರೀತಿ ಎಂದು ಟೈಲರ್ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಹೊಗಳುವವನನ್ನು ಯಾರು ತಾನೇ ಹಾಗೆಲ್ಲ ಕೇಳುತ್ತಾರೆ?

ಟೈಲರನಿಗೆ ಇದ್ದ ಆಸ್ತಿ ಎರಡು. ಒಂದು ಹೊಲಿಗೆ ಯಂತ್ರ, ಇನ್ನೊಂದು ಒಳ್ಳೆಯ ಹೆಸರು. ಅಂಗಡಿಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದ: "ಉಳಿದ ತುಂಡು ಬಟ್ಟೆಯನ್ನೂ ಹಿಂದಿರುಗಿಸಲಾಗುವುದು." ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಟೈಲರ್ ಅಂಗಡಿ ಬಂದಿದ್ದರೂ ಬೀದಿಯವರು ಇವನ ಹತ್ತಿರವೇ ಬರುತ್ತಿದ್ದದ್ದು ಆ ಬೋರ್ಡನ್ನು ನಂಬಿ. ಆ ಹೆಸರು ಹೋದರೆ ಯಂತ್ರಕ್ಕೆ ತುಕ್ಕೇ ಗತಿ.

ಆ ದಿನ ಬೆಳಿಗ್ಗೆ ಹೆಂಡತಿ ರಾಗ ಎಳೆದಳು.

"ರೀ, ಅಟ್ಟದ ಮೇಲಿರೋ ಆ ದೊಡ್ಡ ಗಂಟನ್ನ ಏನಾದ್ರೂ ಮಾಡ್ರಿ. ಇಲಿ ಅದರಲ್ಲಿ ಸಂಸಾರ ಹೂಡಿದೆ."

"ಇರ್ಲಿ ಬಿಡೇ, ಒಂದಿನ ಬೇಕಾಗುತ್ತೆ."

"ಮದುವೆ ಆದಾಗಿಂದ ಇದೇ ಮಾತು. ಆ ಒಂದಿನ ಯಾವತ್ತು ಬರುತ್ತೋ!"

ಟೈಲರ್ ಕೇಳಿಸದವನಂತೆ ಮುಂದಿನ ಕೋಣೆಗೆ ಬಂದು ಯಂತ್ರದ ಮುಂದೆ ಕುಳಿತ. ಅದೇ ಅವನ ಅಂಗಡಿ.

ಬೀದಿಯ ಆ ತುದಿಯ ರೇಷನ್ ಅಂಗಡಿಗೆ ಹಿಂದಿನ ದಿನವಷ್ಟೇ ಹೊಸ ತಕ್ಕಡಿ ಬಂದಿತ್ತು. ಮುಳ್ಳಿಲ್ಲ, ಕಲ್ಲಿಲ್ಲ. ತೂಕ ತೋರಿಸುವ ಗಾಜಿನ ಹಲಗೆ ಜನರ ಕಡೆಗೇ ಮುಖ ಮಾಡಿತ್ತು. ಸಾಲದ್ದಕ್ಕೆ ಬೀದಿಗೆಲ್ಲ ಕೇಳುವಂತೆ ತೂಕವನ್ನು ಕೂಗಿ ಹೇಳುತ್ತಿತ್ತು. ಪೂರ್ತಿ ಇಪ್ಪತ್ತು ಕಿಲೋ ಬೀಳುವವರೆಗೆ ರಸೀದಿ ಕೊಡುತ್ತಿರಲಿಲ್ಲ. ರಸೀದಿ ಬಾರದೆ ಮುಂದಿನ ಮನೆಯವರ ಸರದಿ ಬರುತ್ತಿರಲಿಲ್ಲ. ಅದನ್ನು ಯೋಚಿಸಿ ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಸಾಲಿನಲ್ಲಿ ಮೊದಲಿದ್ದವರು ನಿವೃತ್ತ ಬಸ್ ಕಂಡಕ್ಟರ್. ಅವರ ಚೀಲ ಎಂದಿನಂತೆ ಕಂಠದವರೆಗೆ ತುಂಬಿತು. ಯಂತ್ರ ಇಂಪಾದ ದನಿಯಲ್ಲಿ ಹೇಳಿತು: "ಹದಿನೇಳು ಕಿಲೋ. ಇನ್ನೂ ಮೂರು ಕಿಲೋ ಹಾಕಿ."

ರೇಷನ್ ಅಂಗಡಿಯವನು ಬೆವರು ಒರೆಸಿಕೊಂಡ. ಬೇರೆ ದಾರಿ ಇರಲಿಲ್ಲ. ಅಕ್ಕಿ ಸುರಿದು ಮುಷ್ಟಿಯಿಂದ ಜಡಿದ. ಯಂತ್ರ "ಇಪ್ಪತ್ತು ಕಿಲೋ. ತೂಕ ಪೂರ್ತಿ" ಎಂದಿತು. ಚೀಲ "ಪರ್ರ್" ಎಂದಿತು.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಹರಿದ ಚೀಲ ಹಿಡಿದು ಟೈಲರನ ಮುಂದೆ ನಿಂತಿದ್ದರು.

"ಏನಯ್ಯಾ ಟೈಲರ್, ನಲವತ್ತು ಸೀಟಿನ ಬಸ್ಸಿಗೆ ಎಂಬತ್ತು ಜನರನ್ನ ತುಂಬಿದೀನಿ, ಒಂದಿನ ಬಸ್ಸು ಹರಿದಿಲ್ಲ! ನಿನ್ನ ಇಪ್ಪತ್ತು ಕಿಲೋ ಚೀಲಕ್ಕೆ ಇಪ್ಪತ್ತು ಕಿಲೋ ಹಿಡಿಯಲ್ವಾ?"

ಟೈಲರ್ ಚೀಲವನ್ನು ತಿರುಗಿಸಿ ನೋಡಿದ. "ಹೊಲಿಗೆ ಒಂದು ಎಳೆ ಬಿಟ್ಟಿಲ್ಲ ಸ್ವಾಮಿ. ಬಟ್ಟೆ ಹರಿದಿದೆ."

"ಹೊಲಿಗೆ ಗಟ್ಟಿ, ಚೀಲ ಚಿಕ್ಕದು! ಹಾಗಾದ್ರೆ ನಾನು ಕೊಟ್ಟ ಮಿಕ್ಕ ಬಟ್ಟೆ ಎಲ್ಲಿ ಹೋಯ್ತು?"

ಟೈಲರನ ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಕಹಳೆ ಅಜ್ಜಿ ಬಂದಳು. ಅಜ್ಜಿಗೆ ಆ ಹೆಸರು ಬಂದದ್ದು ಅವಳ ಗಂಟಲಿನಿಂದ. ಅವಳು ಗುಟ್ಟು ಹೇಳಿದರೂ ಬೀದಿಯ ಆ ತುದಿಯವರು "ಹೌದಾ?" ಎನ್ನುತ್ತಿದ್ದರು.

"ಲೋ! ಚೀಲಕ್ಕೆ ಅಂತ ನನ್ನ ಬಾಗಿಲ ಪರದೆ ಕೊಟ್ಟಿದ್ನಲ್ಲೋ! ಹಳದಿ ಪರದೆ, ಗಿಳಿ ಚಿತ್ರದ್ದು! ಬಾಗಿಲಷ್ಟು ಬಟ್ಟೆ ಇಸ್ಕೊಂಡು ಕಿಟಕಿಯಷ್ಟು ಚೀಲ ಕೊಟ್ಟಿದೀಯಲ್ಲೋ! ಅಕ್ಕಿ ನೆಲದ ಮೇಲೆ ಚೆಲ್ಲಾಡ್ತಿದೆ, ಈಗ ಯಾತರಲ್ಲಿ ಹೊತ್ಕೊಂಡು ಹೋಗ್ಲಿ, ನಿನ್ನ ಟೋಪೀಲಾ?"

ಹಾಗೆನ್ನುತ್ತ ಮೊಳೆಗೆ ನೇತುಹಾಕಿದ್ದ ಹೊಸ ಪ್ಯಾಂಟನ್ನು ಎಳೆದುಕೊಂಡಳು.

"ಅಜ್ಜಿ, ಅದು ಹೆಡ್‌ಮಾಸ್ಟರದ್ದು! ಸಂಜೆ ಕೊಡಬೇಕು!"

"ಕೊಡು. ಅಕ್ಕಿ ಮನೆಗೆ ಮುಟ್ಟಿದ ಮೇಲೆ ಕೊಡು."

ಪ್ಯಾಂಟಿನ ಕಾಲುಗಳ ತುದಿ ಗಂಟು ಹಾಕಿ, ಅಕ್ಕಿ ತುಂಬಿ, ಅಜ್ಜಿ ಹೆಗಲಿಗೇರಿಸಿದಳು. ತಲೆಯಿಲ್ಲದ ಹೆಡ್‌ಮಾಸ್ಟರು ಅಜ್ಜಿಯ ಹೆಗಲ ಮೇಲೆ ಕುಳಿತು ಸವಾರಿ ಹೊರಟ ಹಾಗಿತ್ತು. ಉಪಾಯ ಎಲ್ಲರಿಗೂ ಹಿಡಿಸಿತು. ನೋಡನೋಡುತ್ತಿದ್ದಂತೆ ಟೈಲರನ ಮೊಳೆಗಳೆಲ್ಲ ಬೋಳಾದವು. ಬೀದಿಯ ತುಂಬ ಬೊಜ್ಜು ಬಂದ ಅಂಗಿಗಳು, ಬಾತುಕೊಂಡ ಪ್ಯಾಂಟುಗಳು ಓಡಾಡತೊಡಗಿದವು. ಜೊತೆಗೆ ಒಂದೇ ಮಾತು: ಟೈಲರ್ ಬಟ್ಟೆ ಕದ್ದಿದ್ದಾನೆ.

ಟೈಲರನಿಗೆ ರೇಗಿತು. ತನ್ನ ಚೀಲವನ್ನು ಬಾವುಟದಂತೆ ಹಿಡಿದು ರೇಷನ್ ಅಂಗಡಿಗೆ ನಡೆದ. ಹಿಂದೆ ಅರ್ಧ ಬೀದಿ ನಡೆಯಿತು.

"ಯಂತ್ರ ಕೆಟ್ಟಿದೆ! ಹಾಕ್ರಿ ನನ್ನ ಪಾಲಿನ ಅಕ್ಕಿ. ಟೈಲರ್ ಚೀಲ ಯಾವತ್ತೂ ಸುಳ್ಳು ಹೇಳಲ್ಲ!"

ಅವನ ಸರದಿ ಯಂತ್ರದಲ್ಲಿ ನಮೂದಾಯಿತು. ಚೀಲ ಕಂಠದವರೆಗೆ ತುಂಬಿತು. ಎಲ್ಲರೂ ಉಸಿರು ಬಿಗಿಹಿಡಿದರು.

"ಹದಿನೇಳು ಕಿಲೋ. ಇನ್ನೂ ಮೂರು ಕಿಲೋ ಹಾಕಿ."

ಆ ದಿನ ರೇಷನ್ ಅಂಗಡಿಯವನು ಕುರ್ಚಿ ಎಳೆಯಲಿಲ್ಲ, ಟೀ ತರಿಸಲಿಲ್ಲ. ಜನರ ಕಡೆ ತಿರುಗಿ, ಸಕ್ಕರೆಯಂಥ ದನಿಯಲ್ಲೇ ಹೇಳಿದ: "ನಾನಂತೂ ಇಷ್ಟು ವರ್ಷ ಇಪ್ಪತ್ತೇ ಕೊಟ್ಟಿದೀನಪ್ಪ. ಟೈಲರಣ್ಣನ ಕತ್ತರಿ ಹೇಗೆಲ್ಲ ಆಡಿದೆಯೋ, ನಂಗೇನು ಗೊತ್ತು?"

"ಮುಗೀತು!" ಎಂದರು ಕಂಡಕ್ಟರ್. "ನಾಳೆಯಿಂದ ನಮ್ಮ ಬಟ್ಟೆ ಗಾಜಿನ ಬಾಗಿಲಿನ ಅಂಗಡಿಗೆ. ರೈಟ್!"

ಆಗ ಸ್ಕೂಟರಿನಲ್ಲಿ ಆಹಾರ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದಿಳಿದರು. ಹೊಸ ತಕ್ಕಡಿಯ ಮೊದಲ ದಿನ ಹೇಗಿದೆ ಎಂದು ನೋಡಲು ಬಂದವರು, ಅಕ್ಕಿ ತುಂಬಿದ ಪ್ಯಾಂಟು ಹೊತ್ತು ನಿಂತಿದ್ದ ಅಜ್ಜಿಯನ್ನು ಕಂಡು ಹೆಲ್ಮೆಟ್ ತೆಗೆಯುವುದನ್ನೇ ಮರೆತರು. ಎಲ್ಲರೂ ಒಟ್ಟಿಗೇ ದೂರು ಹೇಳಿದರು. ಅಜ್ಜಿ ಹೇಳಿದ್ದು ಮಾತ್ರ ಕೇಳಿಸಿತು.

ಮರ್ಯಾದೆ ಹೋಗುತ್ತಿರುವಾಗ ಮೊದ್ದನಿಗೂ ಬುದ್ಧಿ ಬರುತ್ತದೆ. ಟೈಲರ್ ಒಮ್ಮೆಲೇ ಕೂಗಿದ: "ಅಜ್ಜಿ! ಹೋದ ತಿಂಗಳು ಇದೇ ಚೀಲದಲ್ಲಿ ಅಕ್ಕಿ ತಂದ್ರಲ್ಲ, ಹರೀತಾ?"

"ಇಲ್ಲ."

"ಅಕ್ಕಿ ಹೊರಗೆ ಉಳೀತಾ?"

"ಇಲ್ಲ. ಬಾಯಿ ಕಟ್ಟಿ ತಂದೆ."

"ಹದಿನೇಳು ಕಿಲೋ ಹಿಡಿಯೋ ಚೀಲದಲ್ಲಿ ಇಪ್ಪತ್ತು ಕಿಲೋ ಎಲ್ಲಿ ಕೂತಿತ್ತು ಅಜ್ಜಿ?"

ಬೀದಿಯ ಅಷ್ಟೂ ಕಣ್ಣು ನಿಧಾನವಾಗಿ ರೇಷನ್ ಅಂಗಡಿಯವನ ಮೇಲೆ ಬಂದು ನಿಂತವು. ಅವನ ಬಾಯಿಯ ಸಕ್ಕರೆ ಕರಗಿಹೋಗಿತ್ತು.

"ಮೇಡಂ, ಅದು... ಹಳೇ ತಕ್ಕಡಿ ಸ್ವಲ್ಪ..."

"ಕುರ್ಚಿಯಿಂದ ಏಳಿ," ಎಂದರು ಇನ್ಸ್‌ಪೆಕ್ಟರಮ್ಮ. "ಹಳೇ ತಕ್ಕಡಿ ಹೊತ್ಕೊಂಡು ಕಚೇರಿಗೆ ಬರೋದಿದೆ. ಅಲ್ಲೀತನಕ ಮೂಲೇಲಿ ನಿಂತಿರಿ." ಆಮೇಲೆ ಜನರ ಕಡೆ ತಿರುಗಿದರು. "ಇಪ್ಪತ್ತು ಕಿಲೋ ನಿಮ್ಮದು. ಯಾರೂ ದಾನ ಕೊಡ್ತಿಲ್ಲ. ಇನ್ಮೇಲೆ ಚೀಲ ನೋಡಬೇಡಿ, ಇದನ್ನ ನೋಡಿ."

ಕಂಡಕ್ಟರ್ ಟೈಲರನನ್ನು ತಬ್ಬಿಕೊಂಡರು. "ತಪ್ಪಾಯ್ತಪ್ಪಾ. ಗಾಜಿನ ಬಾಗಿಲು ಗೀಜಿನ ಬಾಗಿಲು ಏನೂ ಇಲ್ಲ. ನೀನೇ ನಮ್ಮ ಟೈಲರ್." ಅಜ್ಜಿ ಪ್ಯಾಂಟನ್ನು ಕೆಳಗಿಟ್ಟು ಇನ್ಸ್‌ಪೆಕ್ಟರಮ್ಮನ ಕೈ ಹಿಡಿದುಕೊಂಡಳು. "ತಿಂಗಳ ಕೊನೇಲಿ ನಾಲ್ಕು ದಿನ ಗಂಜಿ ಕುಡೀತಿದ್ದೆ ಕಣಮ್ಮ. ನಂದೇ ಹೊಟ್ಟೆ ದೊಡ್ಡದು ಅಂದ್ಕೊಂಡಿದ್ದೆ." ಮೊದಲ ಸಲ ಅಜ್ಜಿಯ ಮಾತು ಹತ್ತಿರದವರಿಗೆ ಮಾತ್ರ ಕೇಳಿಸಿತು. ಟೈಲರನ ಕಣ್ಣೂ ತೇವವಾಯಿತು. ಹೆಸರು ಉಳಿಯಿತು, ಅಕ್ಕಿಯೂ ಹೆಚ್ಚಿತು. ಇನ್ನೇನು ಬೇಕು?

ಆ ಹೊತ್ತಿಗೆ ಅವನ ಹೆಂಡತಿ ತಲೆಯ ಮೇಲೆ ಒಂದು ದೊಡ್ಡ ಗಂಟು ಹೊತ್ತು, ಏದುಸಿರು ಬಿಡುತ್ತ ಬಂದಳು.

"ರೀ, ಎಲ್ಲಾ ಕೇಳ್ದೆ! ಅಜ್ಜಿ ಗಂಟಲು ನಮ್ಮನೆ ತನಕ ಬಂತು. ಇಷ್ಟು ವರ್ಷಕ್ಕೆ ಪೂರ್ತಿ ಅಕ್ಕಿ ಸಿಕ್ತಿದೆ, ಈ ಇನ್ಸ್‌ಪೆಕ್ಟರಮ್ಮನ ಋಣ ಹೇಗೆ ತೀರಿಸೋದು? ಎಲ್ಲರ ಚೀಲಕ್ಕೂ ಪಟ್ಟಿ ಸೇರಿಸಿ ದೊಡ್ಡದು ಮಾಡಿಕೊಡ್ರಿ, ಪುಕ್ಕಟೆ! ಒಂದಿನ ಬೇಕಾಗುತ್ತೆ ಅಂತಿದ್ರಲ್ಲ, ಇವತ್ತೇ ಆ ದಿನ!"

"ಬಿಚ್ಚಬೇಡ್ವೇ!" ಎಂದ ಟೈಲರ್. ಗಂಟು ಬಿಚ್ಚಿಯಾಗಿತ್ತು.

ಮೇಲೇ ಕುಳಿತಿದ್ದವು, ಹಳದಿ ಬಟ್ಟೆಯ ಮೇಲೆ ಸಾಲಾಗಿ ಆರು ಗಿಳಿಗಳು.

"ನನ್ನ ಗಿಳಿ!" ಎಂದಳು ಅಜ್ಜಿ.

"ಇದು ನನ್ನ ಖಾಕಿ," ಎಂದರು ಕಂಡಕ್ಟರ್, ಮೊಳ ಉದ್ದದ ತುಂಡನ್ನು ಎಳೆಯುತ್ತ. "ಸರ್ವಿಸ್‌ನಲ್ಲಿದ್ದಾಗಿಂದು."

ಹೆಂಡತಿ ಕಂಗಾಲಾದಳು. "ಇವೆಲ್ಲ ಗಿರಾಕಿಗಳೇ ಬೇಡ ಅಂತ ಬಿಟ್ಟುಹೋದದ್ದು ಅಂದಿದ್ರಲ್ರೀ?"

ಟೈಲರ್ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಮೂಲೆಯಲ್ಲಿ ನಿಂತಿದ್ದ ರೇಷನ್ ಅಂಗಡಿಯವನು ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ಎಷ್ಟು ತಿಂದಿದಾನೋ ನೋಡೇಬಿಡೋಣ!" ಎಂದು ಅಜ್ಜಿ ಟೈಲರನ ಅಕ್ಕಿ ಚೀಲವನ್ನು ತಕ್ಕಡಿಯಿಂದ ಕೆಳಗಿಳಿಸಿ, ಆ ಗಂಟನ್ನು ಮತ್ತೆ ಕಟ್ಟಿ ಎತ್ತಿಟ್ಟಳು. ಇನ್ಸ್‌ಪೆಕ್ಟರಮ್ಮ "ಬೇಡ ಬೇಡ" ಎನ್ನುವಷ್ಟರಲ್ಲಿ ಯಂತ್ರ ಹಾಡಿತು:

"ಇಪ್ಪತ್ತು ಕಿಲೋ. ತೂಕ ಪೂರ್ತಿ." ಚರ್ರೆಂದು ರಸೀದಿ ಬಂತು, ಟೈಲರನ ಹೆಸರಿನಲ್ಲಿ.

ಇನ್ಸ್‌ಪೆಕ್ಟರಮ್ಮ ಹಣೆ ಒತ್ತಿಕೊಂಡರು. "ನಿಮ್ಮ ಸರದಿ ಇನ್ನೂ ಮುಗಿದಿರಲಿಲ್ಲ. ಈಗ ಮುಗೀತು. ಈ ತಿಂಗಳ ನಿಮ್ಮ ಪಾಲು ಮುಟ್ಟಿದ ಹಾಗೆ."

"ಅಳಿಸಿಬಿಡಿ ಮೇಡಂ!"

"ಅಳಿಸೋ ಗುಂಡೀನೇ ಇದಕ್ಕೆ ಇಟ್ಟಿಲ್ಲ. ಇಟ್ಟಿದ್ರೆ ಇವರು ದಿನಾ ಒತ್ತುತ್ತಿದ್ರು," ಎಂದು ಮೂಲೆಯ ಕಡೆ ಕೈ ತೋರಿಸಿದರು. "ಕಚೇರಿಗೆ ಅರ್ಜಿ ಕೊಡಿ. ಮುಂದಿನ ತಿಂಗಳು ನೋಡೋಣ."

ಚೀಲದ ಅಕ್ಕಿ ಮತ್ತೆ ಸರ್ಕಾರದ ಮೂಟೆಗೆ ಹೋಯಿತು. ಟೈಲರ್ ಖಾಲಿ ಚೀಲ ಹಿಡಿದು ನಿಂತ. ಹೆಂಡತಿ ಅತ್ತಿತ್ತ ನೋಡದೆ ನೆಲ ನೋಡುತ್ತಿದ್ದಳು. ಹೋಗಲು ಯಾರಿಗೂ ಕಾಲು ಬರಲಿಲ್ಲ. ಕೊನೆಗೆ ಅಜ್ಜಿ ಗೊಣಗುತ್ತ ಹೆಡ್‌ಮಾಸ್ಟರ ಎಡಗಾಲಿನ ಗಂಟು ಬಿಚ್ಚಿದಳು.

"ಕಳ್ಳ ನನ್ಮಗನೇ, ಹಿಡಿ ಚೀಲ. ಅಲ್ರಪ್ಪಾ, ಇವನು ಬಾಯಿಬಿಡದೇ ಇದ್ದಿದ್ರೆ ಈ ಮೂರು ಕಿಲೋ ನಮಗೆ ಸಿಗ್ತಿತ್ತಾ? ಇದಿಲ್ಲದೆ ಇಷ್ಟು ವರ್ಷ ಬದುಕಿಲ್ವಾ?"

ಅಜ್ಜಿ ಸುರಿದಳು. ಕಂಡಕ್ಟರ್ ಸುರಿದರು. ಅಂಗಿಯ ತೋಳಿನಿಂದ, ಪ್ಯಾಂಟಿನ ಜೇಬಿನಿಂದ, ಬೈಯುತ್ತ ಬೈಯುತ್ತ ಒಬ್ಬೊಬ್ಬರಾಗಿ ಎಲ್ಲರೂ ಸುರಿದರು. "ನಾಳೆಯೊಳಗೆ ನನ್ನ ಚೀಲಕ್ಕೆ ಪಟ್ಟಿ ಬಿದ್ದಿರಬೇಕು," ಎಂದೂ ಸೇರಿಸಿದರು. ಕೂಲಿಯ ಮಾತು ಯಾರೂ ಎತ್ತಲಿಲ್ಲ. ಟೈಲರ್ ಎಲ್ಲರಿಗೂ ಕೈ ಮುಗಿದ. ಚೀಲ ಕಂಠದವರೆಗೆ ತುಂಬಿ, ಬಾಯಿ ಕಟ್ಟಲು ನಾಲ್ಕು ಬೆರಳು ಜಾಗ ಉಳಿಯಿತು.

"ಎಷ್ಟಾಯ್ತೋ ನೋಡೋಣ," ಎಂದು ಕಂಡಕ್ಟರ್ ಅದನ್ನು ತಕ್ಕಡಿಯ ಮೇಲಿಟ್ಟರು.

"ಹದಿನೇಳು ಕಿಲೋ," ಎಂದಿತು ಯಂತ್ರ.

ಅಜ್ಜಿ ತನ್ನ ಗಿಳಿಗಳನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ನೋಡಿದ್ರಾ," ಎಂದಳು, ಬೀದಿಗೆಲ್ಲ ಕೇಳುವಂತೆ, "ಟೈಲರ್ ಚೀಲ ಯಾವತ್ತೂ ಸುಳ್ಳು ಹೇಳಲ್ಲ!"